ಅರ್ಧ ಕಿಲೋ ಶೇಂಗಾದಷ್ಟು ಪ್ಲಾನ್ ಸಾಕು

ಮನೆಯಲ್ಲೇ ಒಣ ಶೇಂಗಾ ಚಟ್ನಿ ಮಾಡಿ ಮಾರಬೇಕೆಂದು ಹೊರಟವರು ಶೇಂಗಾ ತರುವ ಮೊದಲು ಹೆಸರು ಹುಡುಕುತ್ತಾರೆ. ಹೆಸರಾದ ಮೇಲೆ ಲೋಗೊ. ಲೋಗೊ ಆದ ಮೇಲೆ ಗಾಜಿನ ಬಾಟಲಿಯೋ, ಪೌಚೋ ಎಂಬ ಚರ್ಚೆ. ಅದರ ಬೆನ್ನಿಗೇ ಇನ್‌ಸ್ಟಾಗ್ರಾಮ್, ಜಿಎಸ್‌ಟಿ, ಕೊರಿಯರ್, ಮಳೆಗಾಲದಲ್ಲಿ ಕೆಟ್ಟರೆ ಏನು ಗತಿ ಎಂಬ ಚಿಂತೆ. ಇಷ್ಟೆಲ್ಲ ಆಗುವಷ್ಟರಲ್ಲಿ ದೀಪಾವಳಿ ಬಂದು ಹೋಗಿರುತ್ತದೆ, ಒಲೆಯ ಮೇಲೆ ಬಾಣಲೆ ಮಾತ್ರ ಏರಿರುವುದಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಹಿರಿಯರು ನಗುತ್ತಿದ್ದದ್ದು ಇಂಥದ್ದಕ್ಕೇ.

ಮುಂಬಯಿಯಲ್ಲಿ ಈ ಕಾಯಿಲೆ ಸ್ವಲ್ಪ ಜಾಸ್ತಿ ಎಂದು ನನ್ನ ಅನಿಸಿಕೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಹೋಗಿ ಬರುವಾಗ ಕೈ ಕಂಬಿ ಹಿಡಿದಿರುತ್ತದೆ, ತಲೆ ಬಿಡುವಾಗಿರುತ್ತದೆ. ಯೋಚನೆಗೆ ಬೇಕಾದಷ್ಟು ಹೊತ್ತು ಸಿಗುತ್ತದೆ, ಕೆಲಸಕ್ಕೆ ಸಿಗುವುದು ಮನೆ ಮುಟ್ಟಿ ಕೈಕಾಲು ತೊಳೆದ ಮೇಲಿನ ಒಂದು ಗಂಟೆ. ಹಾಗಾಗಿ ಪ್ಲಾನ್ ಪ್ರತಿ ಸ್ಟೇಶನ್ನಿಗೂ ಒಂದಿಷ್ಟು ಬೆಳೆಯುತ್ತದೆ, ಕೆಲಸ ಇದ್ದಲ್ಲೇ ಇರುತ್ತದೆ.

ಇಲ್ಲಿ ಚಟ್ನಿಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ನಿಮ್ಮದು ಬೆಳಗಿನ ವಾಕಿಂಗ್ ಇರಬಹುದು, ಹಾರ್ಮೋನಿಯಂ ಕಲಿಯುವ ಆಸೆ ಇರಬಹುದು, ಮಕ್ಕಳಿಗೆ ಕನ್ನಡ ಓದಲು ಕಲಿಸುವ ಹಳೆಯ ಸಂಕಲ್ಪ ಇರಬಹುದು. ಕ್ರಮ ಒಂದೇ.

ಮೊದಲು ಪ್ರಶ್ನೆಗಳನ್ನು ಬೇರೆ ಮಾಡಿ

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ತಲೆಯಲ್ಲಿರುವ ಪ್ರಶ್ನೆಗಳನ್ನೆಲ್ಲ ಬರೆಯಿರಿ. ಕೂತು ಓದಿ, ಯಾರನ್ನಾದರೂ ಕೇಳಿ ಉತ್ತರ ಪಡೆಯಬಹುದಾದವು ಎಡಗಡೆ. ಮಾಡಿ ನೋಡಿದರೆ ಮಾತ್ರ ಗೊತ್ತಾಗುವಂಥವು ಬಲಗಡೆ.

ಚಟ್ನಿಯ ವಿಷಯದಲ್ಲಿ ಎಡಗಡೆಗೆ ಬರುವವು ಕೆಲವೇ. ಲೈಸೆನ್ಸ್ ಬೇಕೇ? ಹಣ ಪಡೆದು ತಿನ್ನುವ ಪದಾರ್ಥ ಮಾರುವುದಾದರೆ ಮನೆಯ ಅಡುಗೆಮನೆಯೇ ಆದರೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ವ್ಯವಹಾರಕ್ಕೆ ದೊಡ್ಡ ಕಾರ್ಖಾನೆಯ ಲೈಸೆನ್ಸ್ ಬೇಡ, ಸರಳ ನೋಂದಣಿ ಸಾಕು. ಅರ್ಜಿ ಆನ್‌ಲೈನ್‌ನಲ್ಲೇ, ಅದರದೇ ಫಾಸ್ಕಾಸ್ ಪೋರ್ಟಲ್‌ನಲ್ಲಿ ಹಾಕಬಹುದು. ಕೊಡುವ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ಜಿಎಸ್‌ಟಿ ಬೇಕೇ? ಮಹಾರಾಷ್ಟ್ರದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವ ತನಕ ಸಾಮಾನ್ಯವಾಗಿ ಆ ನೋಂದಣಿ ಬೇಡ. ಚಟ್ನಿ ಮಾರಿ 40 ಲಕ್ಷ ಮುಟ್ಟಿದ ದಿನ ಲೆಕ್ಕಪರಿಶೋಧಕರಿಗೆ ಫೀ ಕೊಡಲು ನಿಮ್ಮ ಕೈಯಲ್ಲಿ ದುಡ್ಡಿರುತ್ತದೆ, ಈಗ ಆ ತಲೆನೋವು ಬೇಡ. ಎಡಗಡೆಯದ್ದೆಲ್ಲ ಒಂದು ಮಧ್ಯಾಹ್ನದ ಕೆಲಸ.

ಬಲಗಡೆಯದ್ದು ಹಾಗಲ್ಲ. ಎಷ್ಟು ದಿನ ಬಾಳುತ್ತದೆ? ಖಾರ ಜಾಸ್ತಿ ಅನ್ನುತ್ತಾರಾ? ನನಗೆ ಎಷ್ಟು ಹೊತ್ತು ಹಿಡಿಯುತ್ತದೆ? ಎರಡನೇ ಸಲ ಮಾಡಿದಾಗಲೂ ಅದೇ ರುಚಿ ಬರುತ್ತದಾ? ಇವುಗಳಲ್ಲಿ ಒಂದನ್ನೂ ಯೋಚಿಸಿ ಬಿಡಿಸಲು ಹೋಗಬೇಡಿ. ಯೋಚಿಸಿ ಬಿಡಿಸಲು ಆಗದ್ದನ್ನು ಯೋಚಿಸುತ್ತಲೇ ಇರುವುದಕ್ಕೇ ನಾವು ತಲೆ ಕೆಟ್ಟುಹೋಗಿದೆ ಅನ್ನುವುದು.

ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳಿದ್ದಾರೆ. ಚಟ್ನಿ ಮಾರುವ ಮಾತು ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ: “ಅಕ್ಕಾ, ಮಳಿಗಾಲದಾಗ ಮೆತ್ತಗ ಆದ್ರ ಏನ್ ಮಾಡ್ಲಿ?” ಇದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ, ಯೂಟ್ಯೂಬಿನ ಹತ್ತಿರವೂ ಇಲ್ಲ. ಅವರ ಕಿಟಕಿ ಯಾವ ದಿಕ್ಕಿಗಿದೆ, ಕಪಾಟಿನಲ್ಲಿ ಎಷ್ಟು ತೇವ ಇದೆ ಎಂಬುದು ಅವರ ಮನೆಗೇ ಗೊತ್ತು. ಜುಲೈನಲ್ಲಿ ಒಂದಿಷ್ಟು ಚಟ್ನಿ ಮಾಡಿ, ಅರ್ಧವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಪಾಟಿನಲ್ಲಿ, ಅರ್ಧವನ್ನು ಫ್ರಿಜ್ಜಿನಲ್ಲಿ ಇಡಬೇಕು. ಐದನೇ ದಿನ, ಹತ್ತನೇ ದಿನ, ಹದಿನೈದನೇ ದಿನ ಮೂಸಿ, ಬಾಯಿಗೆ ಹಾಕಿ ನೋಡಬೇಕು. ಎಣ್ಣೆ ಕಮಟು ಬಂದಿದೆಯೇ, ಬಳ್ಳೊಳ್ಳಿ ಹುಳಿ ವಾಸನೆ ಹೊಡೆಯುತ್ತಿದೆಯೇ, ಅಷ್ಟೇ. ಕೈಗೆ ಬರುವ ಉತ್ತರ ಅವರದೇ ಅಡುಗೆಮನೆಯದು.

ಇನ್ನು ಮೂರನೆಯ ಬಗೆಯ ಪ್ರಶ್ನೆಗಳೂ ಇವೆ. ತಿಂಗಳಿಗೆ ನೂರು ಕಿಲೋ ಆರ್ಡರ್ ಬಂದರೆ? ದುಬೈನಿಂದ ಕೇಳಿದರೆ? ಇವಕ್ಕೆ ಹಾಳೆಯಲ್ಲಿ ಜಾಗವೇ ಇಲ್ಲ. ಹೊಡೆದು ಹಾಕಿ.

ಗಿರಗಾಂವ್‌ನ ನಾಲ್ಕು ಪೊಟ್ಟಣ

ಮಳೆಗಾಲದ ಪ್ರಶ್ನೆಗೆ ಇದೇ ಊರಿನಲ್ಲಿ ಒಂದು ಹಳೆಯ ಉತ್ತರ ಇದೆ. 1959ರ ಮಾರ್ಚ್ 15ರಂದು ಗಿರಗಾಂವ್‌ನ ಒಂದು ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಗುಜರಾತಿ ಹೆಂಗಸರು ಹಪ್ಪಳ ಲಟ್ಟಿಸಿದರು. ಬಂಡವಾಳ ಸಾಲವಾಗಿ ತಂದ 80 ರೂಪಾಯಿ. ಆ ದಿನದ ಉತ್ಪಾದನೆ ನಾಲ್ಕು ಪೊಟ್ಟಣ, ಮಾರಿದ್ದು ಭುಲೇಶ್ವರದಲ್ಲಿ ಪರಿಚಯದ ಒಬ್ಬ ವ್ಯಾಪಾರಿಗೆ. ಮೊದಲ ವರ್ಷದ ಒಟ್ಟು ಮಾರಾಟ 6,196 ರೂಪಾಯಿ.

ಮಳೆಗಾಲ ಬಂದರೆ ಹಪ್ಪಳ ಒಣಗುವುದಿಲ್ಲವಲ್ಲ ಎಂದು ಅವರು ಮಾರ್ಚ್‌ನಲ್ಲಿ ಕೂತು ಯೋಚಿಸಿದ್ದರೆ ಕೆಲಸ ಶುರುವಾಗುತ್ತಿತ್ತೋ ಇಲ್ಲವೋ. ಮಳೆ ಬಂತು, ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೋವ್ ಕೊಂಡರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಉರಿಯುವ ಸ್ಟೋವ್. ಸಮಸ್ಯೆ ಮನೆ ಬಾಗಿಲಿಗೆ ಬಂದ ಮೇಲೆ ಅದರ ಅಳತೆ ಗೊತ್ತಾಯಿತು, ಅಳತೆ ಗೊತ್ತಾದ ಮೇಲೆ ಮಂಚ ಸಾಕಾಯಿತು.

ಹೆಸರಿನ ಕಥೆಯನ್ನೂ ಕೇಳಿ. ಈ ಹಪ್ಪಳಕ್ಕೆ ‘ಲಿಜ್ಜತ್’ ಎಂಬ ಹೆಸರು ಬಂದದ್ದು 1962ರಲ್ಲಿ, ಅಂದರೆ ಶುರುವಾದ ಮೂರು ವರ್ಷಕ್ಕೆ. ಅದಕ್ಕೆ ಒಂದು ಸ್ಪರ್ಧೆ ಇಟ್ಟಿದ್ದರು, ಬಹುಮಾನ 5 ರೂಪಾಯಿ. ಮೊದಮೊದಲು ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರಂತೆ, ಒಂದು ಅಗ್ಗದ್ದು. ಹಿರಿಯರೊಬ್ಬರು ಒಂದೇ ದರ್ಜೆ ಮಾಡಿ, ಗುಣಮಟ್ಟ ಬಿಡಬೇಡಿ ಎಂದ ಮೇಲೆ ಅಗ್ಗದ್ದು ನಿಂತಿತು. ಒಂದೇ ಪದಾರ್ಥ, ಒಂದೇ ದರ್ಜೆ. ಈಗ ಆ ಸಂಸ್ಥೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ದುಡಿಯುತ್ತಾರೆ. ಸ್ಥಾಪಕರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಸಣ್ಣದಾಗಿ ಶುರು ಮಾಡಿದವರೆಲ್ಲ ಹೀಗೆ ಬೆಳೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಸಣ್ಣದಾಗಿ ಶುರು ಮಾಡಿ ಸಣ್ಣದಾಗಿಯೇ ನಿಂತುಹೋದವರು ಲೆಕ್ಕವಿಲ್ಲದಷ್ಟು ಇದ್ದಾರೆ, ಅವರ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ. ಅವರು ಕಳೆದುಕೊಂಡದ್ದೂ ಸಣ್ಣದೇ, ಅದೇ ಇದರ ಅನುಕೂಲ.

ಅಳತೆ ಹೇಗೆ ಗೊತ್ತು ಮಾಡುವುದು

ಮೊದಲ ಹೆಜ್ಜೆಯ ಅಳತೆಗೆ ಮೂರು ಷರತ್ತು ಇಟ್ಟುಕೊಳ್ಳಿ. ಒಂದು ಸಂಜೆಯಲ್ಲಿ ಮುಗಿಯಬೇಕು. ಮನೆಯಲ್ಲಿರುವ ಪಾತ್ರೆ, ಸಲಕರಣೆಗಳಲ್ಲೇ ಆಗಬೇಕು. ಪೂರ್ತಿ ಕೆಟ್ಟುಹೋದರೂ ಯಾರಿಗೂ ಉತ್ತರ ಕೊಡುವ ಹಾಗಿರಬಾರದು. ಚಟ್ನಿಗೆ ಈ ಅಳತೆ ಅರ್ಧ ಕಿಲೋ ಶೇಂಗಾ. ಎರಡು ಕಿಲೋ ಅಂದರೆ ಹೊಸ ಬಾಣಲೆ ಬೇಕಾಗುತ್ತದೆ, ಹೊಸ ಬಾಣಲೆ ಅಂದರೆ ಭಾನುವಾರದ ತನಕ ಮುಂದಕ್ಕೆ ಹೋಗುತ್ತದೆ.

ನಾನು ಹೇಳಿದ ಧಾರವಾಡದ ಕಡೆಯ ಹೆಣ್ಣುಮಗಳು ಕೊನೆಗೂ ಒಂದು ಶನಿವಾರ ಅರ್ಧ ಕಿಲೋ ಹುರಿದರು. ಸಣ್ಣ ಉರಿ, ಸಿಪ್ಪೆ ಸಿಡಿದು ಮೇಲೆ ಕಪ್ಪು ಚುಕ್ಕಿ ಮೂಡುವ ತನಕ. ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ತಿಕ್ಕಿದರು, ಮೊರದಲ್ಲಿ ಕೇರಿದರು. ನಾಲ್ಕನೇ ಮಹಡಿಯ ಗ್ಯಾಲರಿಯಿಂದ ಸಿಪ್ಪೆ ಹಾರಿ ಮೂರನೇ ಮಹಡಿಯವರ ಒಣಗಿದ ಸೀರೆಯ ಮೇಲೆ ಕೂತಿತು. ಅದರ ಫೈಸಲಾ ಬೇರೆ ಆಯಿತು ಬಿಡಿ. ಮಿಕ್ಸಿಯಲ್ಲಿ ಮೊದಲ ಸುತ್ತು ಸ್ವಲ್ಪ ಹೊತ್ತು ಜಾಸ್ತಿ ತಿರುಗಿತು, ಜಾರ್ ಬಿಸಿಯಾಗಿ ಶೇಂಗಾ ಎಣ್ಣೆ ಬಿಟ್ಟು ಉಂಡೆ ಕಟ್ಟಿತು. ಎರಡನೇ ಸುತ್ತಿಗೆ ಬಿಟ್ಟು ಬಿಟ್ಟು ತಿರುಗಿಸಿದರು, ತರಿತರಿಯಾಗಿ ಬಂತು. ಆದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಬಳ್ಳೊಳ್ಳಿ ಸುಲಿಯುವುದು. ಅವರ ಎರಡು ಹಾಳೆ ಪ್ಲಾನಿನಲ್ಲಿ ಲೋಗೊದ ಬಣ್ಣ ಇತ್ತು, ಬಳ್ಳೊಳ್ಳಿ ಸುಲಿಯುವುದು ಎಲ್ಲೂ ಇರಲಿಲ್ಲ.

ಲೆಕ್ಕವನ್ನೂ ಅದೇ ರಾತ್ರಿ ಮಾಡಿ. ನಿಮ್ಮ ಅಂಗಡಿಯ ದರ ಬೇರೆ ಇರಬಹುದು, ಕ್ರಮ ಹೀಗೆ: ಶೇಂಗಾ 80 ರೂಪಾಯಿ, ಬಳ್ಳೊಳ್ಳಿ 15, ಖಾರಪುಡಿ 15, ಜೀರಿಗೆ ಉಪ್ಪು 5, ಗ್ಯಾಸು ಕರೆಂಟು 10, ಕವರು 10. ಒಟ್ಟು 135. ಹುರಿದು ಸಿಪ್ಪೆ ಹೋಗಿ, ಮಸಾಲೆ ಸೇರಿ ಹೆಚ್ಚುಕಡಿಮೆ ಅರ್ಧ ಕಿಲೋ ಕೈಗೆ ಬರುತ್ತದೆ. 100 ಗ್ರಾಮಿನ ಐದು ಪೊಟ್ಟಣ, ಒಂದಕ್ಕೆ 27 ರೂಪಾಯಿ ಬಿತ್ತು. 50 ರೂಪಾಯಿಗೆ ಮಾರಿದರೆ ಐದಕ್ಕೆ 115 ಉಳಿಯುತ್ತದೆ. ಎರಡೂವರೆ ಗಂಟೆ ಹಿಡಿದಿದ್ದರೆ ಗಂಟೆಗೆ 46 ರೂಪಾಯಿ ದುಡಿಮೆ. ಈ 46 ನೋಡಿದ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ: ಒಂದೂವರೆ ಕಿಲೋ ಮಾಡಿದರೆ ಸಮಯವೂ ಮೂರು ಪಟ್ಟು ಆಗುತ್ತದಾ? ಸುಲಿದ ಬಳ್ಳೊಳ್ಳಿಯನ್ನೇ ಕೊಂಡರೆ ಎಷ್ಟು ಉಳಿಯುತ್ತದೆ? ಇವು ಒಳ್ಳೆಯ ಪ್ರಶ್ನೆಗಳು, ಮುಂದಿನ ಶನಿವಾರಕ್ಕೆ ಉತ್ತರ ಸಿಗುವಂಥವು.

ಈ ಮೊದಲ ಐದು ಪೊಟ್ಟಣಗಳನ್ನು ಮಾರಬೇಡಿ. ನೋಂದಣಿ ಇನ್ನೂ ಆಗಿರುವುದಿಲ್ಲ, ರುಚಿಯೂ ಕೈಗೆ ಕೂತಿರುವುದಿಲ್ಲ. ಹಂಚಿ. ಒಂದು ಮರಾಠಿ ಮನೆಗೆ, ಒಂದು ಮಂಗಳೂರು ಕಡೆಯವರಿಗೆ, ಒಂದು ವಾಚ್‌ಮನ್‌ಗೆ. ಹೇಗಿದೆ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ವಾರ ಬಿಟ್ಟು ಅವರೇ “ಇನ್ನೊಂಚೂರು ಇದೆಯಾ?” ಎಂದು ಕೇಳಿದರೆ ಅದನ್ನು ಬರೆದಿಡಿ.

ಯಾವಾಗ ಎಂಬುದನ್ನು ಮೊದಲೇ ಕಟ್ಟಿಹಾಕಿ

“ಈ ತಿಂಗಳು ಶುರು ಮಾಡ್ತೀನಿ” ಎಂಬುದು ಆಸೆ. “ಶನಿವಾರ ಸಂಜೆ ಕುಕ್ಕರ್ ಇಳಿಸಿದ ಮೇಲೆ ಅದೇ ಒಲೆಯಲ್ಲಿ ಶೇಂಗಾ ಹುರೀತೀನಿ” ಎಂಬುದು ಪ್ಲಾನ್. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ಇದನ್ನೇ ಅಧ್ಯಯನ ಮಾಡುತ್ತಾ ಬಂದವರು. ಏನು ಮಾಡಬೇಕು ಎಂದಷ್ಟೇ ನಿರ್ಧರಿಸಿದವರಿಗಿಂತ, ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಎಂದೂ ಗೊತ್ತು ಮಾಡಿಕೊಂಡವರು ಕೆಲಸ ಪೂರೈಸುವುದು ಹೆಚ್ಚು ಎಂಬುದು ಆ ಅಧ್ಯಯನಗಳ ಸಾರ. ಕಾರಣವೂ ಸರಳ. ಹೊತ್ತು ಬಂದಾಗ ಮಾಡಲೋ ಬೇಡವೋ ಎಂದು ಮತ್ತೆ ಯೋಚಿಸುವ ಪ್ರಸಂಗ ಬರುವುದಿಲ್ಲ.

ಗಡಿಯಾರದ ಗಂಟೆಗೆ ಕಟ್ಟುವುದಕ್ಕಿಂತ ನಿತ್ಯದ ಒಂದು ಕೆಲಸಕ್ಕೆ ಕಟ್ಟುವುದು ಈ ಊರಿಗೆ ಒಳ್ಳೆಯದು. ಏಳು ಗಂಟೆಗೆ ಎಂದರೆ ಏಳಕ್ಕೆ ನೀವು ಠಾಣೆ ದಾಟಿರುತ್ತೀರೋ ಇಲ್ಲವೋ ಮಧ್ಯ ರೈಲ್ವೆಗೇ ಗೊತ್ತು. ಮನೆಗೆ ಬಂದು ಚಹಾ ಲೋಟ ಕೆಳಗಿಟ್ಟ ಮೇಲೆ ಎಂದರೆ ತಪ್ಪುವುದಿಲ್ಲ. ಬೆಳಗಿನವರಾದರೆ ನಲ್ಲಿ ನೀರು ಬಂದು ಹೋದ ಮೇಲೆ.

ಮಕ್ಕಳಿಗೆ ಕನ್ನಡ: ಐದೇ ಅಕ್ಷರ

ಮುಂಬಯಿ ಪುಣೆ ಕನ್ನಡಿಗರ ಮನೆಗಳಲ್ಲಿ ವರ್ಷಗಟ್ಟಲೆ ಪ್ಲಾನ್ ಆಗಿಯೇ ಉಳಿಯುವ ಕೆಲಸ ಇದೊಂದು. ಊರಿಂದ ಪುಸ್ತಕ ತರಿಸಬೇಕು, ರಜೆಯಲ್ಲಿ ಕ್ಲಾಸ್ ಇಡಬೇಕು, ನಾಲ್ಕು ಮನೆ ಮಕ್ಕಳನ್ನು ಕೂಡಿಸಬೇಕು... ನಲವತ್ತೊಂಬತ್ತು ಅಕ್ಷರ, ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ ಎಂದು ಎಣಿಸಿದ ಕೂಡಲೇ ಅಪ್ಪ ಅಮ್ಮನಿಗೇ ಸುಸ್ತಾಗುತ್ತದೆ.

ಕರ್ನಾಟಕದ ಒಂದನೇ ತರಗತಿಯಲ್ಲಿ ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರು ಮಾಡುವ ಪದ್ಧತಿ ಇದೆ. ಯಾರು ಯೋಚಿಸಿದರೋ, ಅವರಿಗೆ ಕೈ ಮುಗಿಯಬೇಕು. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಬರುತ್ತವೆ. ಗದಗ ಎಂಬ ಊರೇ ಬರುತ್ತದೆ. ಕಾಗುಣಿತ ಬೇಡ, ಒತ್ತು ಬೇಡ. ಮೊದಲ ವಾರವೇ ಮಗು ಒಂದು ಪೂರ್ತಿ ಶಬ್ದ ಓದುತ್ತದೆ. ವರ್ಣಮಾಲೆಯನ್ನು ಅ ದಿಂದ ಳ ತನಕ ಕಂಠಪಾಠ ಮಾಡಿದ ಮಗುವಿಗೆ ಸಿಗದ ಖುಷಿ ಅದು. ಮುಂದಿನ ಗುಂಪಿನಲ್ಲಿ ಜ, ವ, ಮ, ಬ, ನ ಸೇರಿಸಿದರೆ ಮರ, ಜನ, ನಗರ, ಬಸವ. ಶಾಲೆಯಲ್ಲಿ ಮರಾಠಿ ಓದುವ ಮಗುವಿಗೆ ಕ ಖ ಗ ಘ ಕ್ರಮ ಆಗಲೇ ಗೊತ್ತಿರುತ್ತದೆ, ಕಲಿಯಬೇಕಾದದ್ದು ಆಕಾರ ಮಾತ್ರ.

ಪುಸ್ತಕ ಬೇಡ, ಕ್ಲಾಸ್ ಬೇಡ. ಹಳೆಯ ಲಗ್ನಪತ್ರಿಕೆಯನ್ನು ಐದು ತುಂಡು ಮಾಡಿ ಒಂದೊಂದರ ಹಿಂದೆ ಒಂದಕ್ಷರ ಬರೆಯಿರಿ. ರಾತ್ರಿ ಊಟಕ್ಕೆ ತಟ್ಟೆ ಹಾಕುವ ಮೊದಲು ಎರಡು ನಿಮಿಷ ಜೋಡಿಸುವ ಆಟ. ಮಗು ಇನ್ನೂ ಬೇಕೆಂದರೂ ಎರಡೇ ನಿಮಿಷಕ್ಕೆ ನಿಲ್ಲಿಸಿ.

ಇಂಥ ನಿತ್ಯದ ಕೆಲಸ ಅಭ್ಯಾಸವಾಗಲು 21 ದಿನ ಸಾಕು ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಸರಾಸರಿ 66 ದಿನ ಎಂದು ಬಂತು. ಆದರೆ ವ್ಯತ್ಯಾಸ ನೋಡಿ: ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ತನಕ ಎಂಬ ಲೆಕ್ಕ. ನನಗೆ ಇದಕ್ಕಿಂತ ಉಪಯುಕ್ತ ಅನಿಸಿದ್ದು ಅದೇ ಅಧ್ಯಯನದ ಇನ್ನೊಂದು ಸಂಗತಿ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ. ಗಣಪತಿ ಹಬ್ಬದಲ್ಲಿ ನಾಲ್ಕು ದಿನ ಹೋಯಿತು ಎಂದು ಮುಂದಿನ ಒಂದನೇ ತಾರೀಖಿಗೆ ಕಾಯಬೇಡಿ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಗುರುತು ಹಾಕುತ್ತೀರಲ್ಲ, ಅದೇ ಚೌಕದ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟರೆ ಸಾಕು. ಇದಕ್ಕೆಂದು ಬೇರೆ ಆ್ಯಪ್ ಹುಡುಕಲು ಕೂತರೆ ಮತ್ತೊಂದು ಪ್ಲಾನ್ ಹುಟ್ಟುತ್ತದೆ.

ಯಾರಿಗೂ ಹೇಳಬೇಡಿ, ಕನಿಷ್ಠ ಮೊದಲ ಸಲ

ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ ಕ್ಷಣದಿಂದ ಅದು ನಿಮ್ಮ ಅರ್ಧ ಕಿಲೋ ಅಲ್ಲ. ಅತ್ತಿಗೆ ಪುಟಾಣಿ ಸೇರಿಸು ಅನ್ನುತ್ತಾರೆ, ಚಿಕ್ಕಪ್ಪ ಫ್ರಾಂಚೈಸಿ ಅನ್ನುತ್ತಾರೆ, ಬೆಂಗಳೂರಿನಲ್ಲಿರುವ ತಮ್ಮ ಎಕ್ಸೆಲ್ ಶೀಟ್ ಕಳಿಸುತ್ತಾನೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ. ಮಾಡಿ ಮುಗಿದ ಮೇಲೆ ಹೇಳಿ. ಆಗ ಬರುವ ಸಲಹೆ ಚಟ್ನಿ ತಿಂದು ಹೇಳಿದ್ದಾಗಿರುತ್ತದೆ.

ಕೂತು ಯೋಚಿಸಲೇಬೇಕಾದ ಜಾಗಗಳು

ಇಷ್ಟೆಲ್ಲ ಹೇಳಿ, ಎಲ್ಲದಕ್ಕೂ ಹೀಗೆ ಧುಮುಕಿ ಎಂದರೆ ತಪ್ಪಾಗುತ್ತದೆ. ಹಿಂದಕ್ಕೆ ಪಡೆಯಲು ಆಗದ ಹೆಜ್ಜೆಗಳು ಕೆಲವಿವೆ. ನೌಕರಿ ಬಿಡುವುದು, ಒಡವೆ ಅಡ ಇಡುವುದು, ಗಾಳಾ, ಅಂದರೆ ವ್ಯಾಪಾರದ ಮಳಿಗೆ, ಬಾಡಿಗೆ ಹಿಡಿಯುವುದು. ಬಾಡಿಗೆ ಎಂದರೆ ಡಿಪಾಸಿಟ್, ಅದರ ಜೊತೆ ಲೀವ್ ಅಂಡ್ ಲೈಸೆನ್ಸ್ ಕರಾರು. ಮಹಾರಾಷ್ಟ್ರದಲ್ಲಿ ಅದು ಲಿಖಿತವಾಗಿ ನೋಂದಣಿ ಆಗಲೇಬೇಕು. ನಡುವೆ ಬಿಟ್ಟುಹೋಗುವಂತಿಲ್ಲ ಎಂಬ ಲಾಕ್-ಇನ್ ಅವಧಿಯ ಷರತ್ತು ಒಳಗೆ ಎಲ್ಲೋ ಇರುತ್ತದೆ, ಹುಡುಕಿ ಓದಿ. ಇಲ್ಲಿ ನಾಲ್ಕು ರಾತ್ರಿ ನಿದ್ದೆಗೆಟ್ಟು ಲೆಕ್ಕ ಹಾಕಿದರೂ ದಂಡವಲ್ಲ. ಆದರೆ ಆ ಲೆಕ್ಕಕ್ಕೆ ಬೇಕಾದ ಅಂಕಿ, ಅಂದರೆ ತಿಂಗಳಿಗೆ ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದು, ಅರ್ಧ ಕಿಲೋ ಶನಿವಾರಗಳಿಂದಲೇ ಬರಬೇಕು. ಅಂಕಿ ಇಲ್ಲದೆ ಗಾಳಾ ನೋಡಲು ಹೋದವರಿಗೆ ಎಲ್ಲ ಗಾಳಾಗಳೂ ಚೆನ್ನಾಗಿಯೇ ಕಾಣುತ್ತವೆ.

ಬೆಳೆಸುವಾಗ ಒಂದೊಂದೇ

ನೋಂದಣಿ ಆಯಿತು, ಪೊಟ್ಟಣದ ಮೇಲೆ ತೂಕ, ತಯಾರಿಸಿದ ದಿನ, ಬೆಲೆ ಬಂತು, ನಾಲ್ಕು ಮನೆಯವರು ಪ್ರತಿ ತಿಂಗಳು ಒಯ್ಯುತ್ತಿದ್ದಾರೆ ಎಂದುಕೊಳ್ಳಿ. ಈಗ ಪ್ರಮಾಣ ಹೆಚ್ಚಿಸಬಹುದು, ಇಲ್ಲವೇ ಹೊಸ ಚಟ್ನಿ ಸೇರಿಸಬಹುದು, ಇಲ್ಲವೇ ಮಾಟುಂಗದ ಅಂಗಡಿಯೊಂದರಲ್ಲಿ ಕೇಳಿ ನೋಡಬಹುದು. ಮೂರನ್ನೂ ಒಂದೇ ತಿಂಗಳಲ್ಲಿ ಮಾಡಿದರೆ ಮಾರಾಟ ಏರಿದ್ದು ಯಾವುದರಿಂದ, ರುಚಿ ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಒಂದು ಬದಲಾವಣೆ ಮಾಡಿ, ಒಂದು ತಿಂಗಳು ನೋಡಿ. ಅಂಗಡಿಯವರು ಕಮಿಷನ್ ಇಟ್ಟುಕೊಳ್ಳುತ್ತಾರೆ, ಉಳಿದದ್ದನ್ನು ವಾಪಸು ಕೊಡುತ್ತಾರೆ. ಮೊದಲ ಸಲ ಹತ್ತು ಪೊಟ್ಟಣಕ್ಕಿಂತ ಹೆಚ್ಚು ಇಡಬೇಡಿ.

ಮನೆಗಳಲ್ಲಿ ಒಬ್ಬರು ಗುರೆಳ್ಳು ಚಟ್ನಿ ಇದೆಯಾ ಎನ್ನುತ್ತಾರೆ, ಇನ್ನೊಬ್ಬರು ಅಗಸಿ ಎನ್ನುತ್ತಾರೆ. ಹೂಂ ಎನ್ನಬೇಡಿ, ಇಲ್ಲ ಎಂದೂ ಹೇಳಬೇಡಿ. ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ಕೇಳಿದವರ ಹೆಸರು, ತಾರೀಖು ಬರೆದಿಡಿ. ಮೂರು ಬೇರೆ ಬೇರೆ ಮನೆಯವರು ಗುರೆಳ್ಳು ಕೇಳಿದ ವಾರ ಕಾಲು ಕಿಲೋ ತನ್ನಿ.